ಅಳಿವೆಯ ತನಕ ಹೋದವರು

ಕಡೂರಿನಲ್ಲಿ ಒಬ್ಬರು ಸಮುದ್ರದ ದೋಣಿ ಇಟ್ಟುಕೊಂಡಿದ್ದರು ಅಂದರೆ ಈಗಿನ ಕಡೂರಿನವರೇ ನಂಬುವುದಿಲ್ಲ. ಮೇಷ್ಟ್ರಿಗೆ ವಯಸ್ಸಾಯಿತು ಅನ್ನುವ ಹಾಗೆ ನನ್ನ ಮುಖ ನೋಡುತ್ತಾರೆ. ವಯಸ್ಸಾಗಿರುವುದು ನಿಜ, ಅದಕ್ಕೇನು ಮಾಡೋಣ. ಆದರೆ ದೋಣಿ ಇದ್ದದ್ದೂ ನಿಜ. ರೈಲ್ವೆ ಸ್ಟೇಷನ್ನಿನಿಂದ ಪೇಟೆ ಕಡೆಗೆ ಬರುವ ದಾರಿಯಲ್ಲಿ ಒಂದು ಪಂಪ್‌ಸೆಟ್ ರಿಪೇರಿ ಅಂಗಡಿ, ಅದರ ಹಿಂದೆ ಮನೆ, ಮನೆಯ ಹಿತ್ತಲಲ್ಲಿ ತೆಂಗಿನ ಗರಿಯ ಚಪ್ಪರ. ಆ ಚಪ್ಪರದ ಕೆಳಗೆ ಇಪ್ಪತ್ನಾಲ್ಕು ಅಡಿ ಉದ್ದದ ತೇಗದ ದೋಣಿ ಎರಡು ವರ್ಷ ಕೂತಿತ್ತು. ಅದರ ಪಕ್ಕದಲ್ಲೇ ಹಸು ಕಟ್ಟುತ್ತಿದ್ದರು.

ಆ ದೋಣಿಯ ಯಜಮಾನರು ತೀರಿಕೊಂಡು ಬಹಳ ಕಾಲವಾಯಿತು. ಅವರ ಹೆಸರು ನಾನು ಬರೆಯುವುದಿಲ್ಲ. ಅಂಗಡಿಯ ಬೋರ್ಡಿನ ಮೇಲೇ ಹೆಸರು ಬರೆಸಿಕೊಳ್ಳದೆ ಇದ್ದವರು. ಇಂಜಿನ್ ಕೆಟ್ಟವನು ಹೇಗೂ ಹುಡುಕಿಕೊಂಡು ಬರುತ್ತಾನೆ, ಕೆಡದೆ ಇರುವವನಿಗೆ ನನ್ನ ಹೆಸರು ಕಟ್ಟಿಕೊಂಡು ಏನಾಗಬೇಕು ಅನ್ನುತ್ತಿದ್ದರು. ಇಷ್ಟು ವರ್ಷದ ಮೇಲೆ ಯಾಕೆ ಬರೆಯಲು ಕೂತೆ ಅಂದರೆ, ಅವರಿಗೆ ನಾನೊಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದ್ದರೆ ಅವರು ಸಮುದ್ರಕ್ಕೆ ಹೋಗಿ ಬರುತ್ತಿದ್ದರು.

ಕುಳ್ಳಗೆ, ಗಟ್ಟಿಯಾಗಿದ್ದರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ ಎಳೆದುಕೊಂಡು ಅಂಗಡಿಗೆ ಬಂದರೆ, ಹತ್ತು ಗಂಟೆಯ ಹೊತ್ತಿಗೆ ಬೆವರು ಒರೆಸಿಕೊಂಡ ಗ್ರೀಸಿನ ಕೈಯಿಂದ ನಾಲ್ಕನೇ ಪಟ್ಟೆಯೂ ಬಿದ್ದಿರುತ್ತಿತ್ತು. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿನ ಮೇಲೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರೆ ಎದುರಿಗಿದ್ದ ರೈತ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ. ಆಮೇಲೆ ಕಣ್ಣು ಬಿಟ್ಟು ಬಹಳ ಮೆತ್ತಗೆ ಕಾಯಿಲೆ ಹೇಳುತ್ತಿದ್ದರು. ಜೋರಾಗಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಇಡೀ ದಿನ ಇಂಜಿನ್ನಿನ ಸದ್ದಿನ ಮಧ್ಯೆ ಇದ್ದವರು ಹೇಗೆ ಅಷ್ಟು ಮೆತ್ತಗೆ ಮಾತಾಡುತ್ತಿದ್ದರೋ ದೇವರಿಗೇ ಗೊತ್ತು. ಕೇಳಿಸಬೇಕು ಅಂದರೆ ನಾವೇ ಹತ್ತಿರ ಹೋಗಬೇಕಿತ್ತು.

ಒಂದು ಸಲ ಸಿಂಗಟಗೆರೆ ಕಡೆಯ ರೈತನೊಬ್ಬ ಜಾಮ್ ಆದ ಇಂಜಿನ್ನನ್ನು ಗಾಡಿಯಲ್ಲಿ ಹಾಕಿಕೊಂಡು ಬಂದ. ಬಿಚ್ಚಿ ನೋಡಿದರೆ ಒಳಗೆ ತೊಟ್ಟು ಆಯಿಲ್ ಇಲ್ಲ, ಬೇರಿಂಗು ನೀಲಿಗಟ್ಟಿದೆ. ರೈತ ಮಾತ್ರ ದೇವರ ಮೇಲೆ ಆಣೆ ಇಟ್ಟು, ಮೊನ್ನೆ ತಾನೆ ಆಯಿಲ್ ಹಾಕಿದ್ದೆ ಅಂದ. ಇವರು ತಲೆ ಆಡಿಸಿ, ಹಾಕಿರ್ತೀರಿ ಬಿಡಿ, ಈಗ ಬರುವ ಆಯಿಲ್ಲೇ ಸರಿಯಿಲ್ಲ ಅಂದುಬಿಟ್ಟರು. ಅವನು ಹೋದ ಮೇಲೆ ನಾನು ಸುಮ್ಮನಿರಲಾರದೆ ಕೇಳಿದೆ. ವಿಜ್ಞಾನದ ಮೇಷ್ಟ್ರು ನೋಡಿ, ಸತ್ಯ ಗೊತ್ತಿದ್ದೂ ಯಾಕೆ ಹೇಳಲಿಲ್ಲ ಅಂತ.

"ಮನೇಲಿ ಹೆಂಡ್ತಿ ಮುಂದೆನೂ ಇದೇ ಮಾತು ಹೇಳಿ ಬಂದಿರ್ತಾನೆ ಮೇಷ್ಟ್ರೇ. ನಾನು ಇಲ್ಲ ಅಂದ್ರೆ ಎರಡು ಕಡೆ ಸುಳ್ಳನಾಯ್ತಾನೆ. ಇಂಜಿನ್ ಸರಿಯಾದ್ರೆ ಸಾಕಲ್ವಾ" ಅಂದರು.

ಆಗ ಅದು ನನಗೆ ಅಂಗಡಿಯವರ ಜಾಣತನ ಅನ್ನಿಸಿತ್ತು.

ನನ್ನೂರು ಅಜ್ಜಂಪುರ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ ಕಡೂರಿನ ಒಂದು ಹೈಸ್ಕೂಲಿಗೆ ವಿಜ್ಞಾನ, ಗಣಿತ ಹೇಳಿಕೊಡಲು ಬಂದೆ. ಮದುವೆಯಾಗಿರಲಿಲ್ಲ, ರೂಮು ಮಾಡಿಕೊಂಡಿದ್ದೆ, ಸಂಜೆ ಹೊತ್ತು ಹೋಗುತ್ತಿರಲಿಲ್ಲ. ಒಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ ಇವರು ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ನೀರಿನ ತೊಟ್ಟಿಯಲ್ಲಿ ಸ್ನಾನಕ್ಕೆ ಇಳಿದವನು ಲೆಕ್ಕ ಹೊಳೆದು ಬರೀ ಮೈಯಲ್ಲಿ ಬೀದಿಗೆ ಓಡಿದನಂತಲ್ಲ, ಆ ಪಾಠ ಮಾಡುವ ಮೇಷ್ಟ್ರು ಯಾರು ಅಂತ ಕೇಳಿದರು. ಎಲ್ಲರೂ ನನ್ನ ಕಡೆ ಕೈ ತೋರಿಸಿದರು. ಅವರು ಜೇಬಿನಿಂದ ಒಂದು ಚೀಟಿ ತೆಗೆದರು. ಅದರಲ್ಲಿ ದೋಣಿಯ ಉದ್ದ, ಅಗಲ, ಹಾಕಬೇಕೆಂದಿರುವ ಇಂಜಿನ್ನಿನ ತೂಕ ಬರೆದಿತ್ತು. ಇಷ್ಟು ಭಾರದ ಇಂಜಿನ್ ಕೂರಿಸಿದರೆ ದೋಣಿ ಎಷ್ಟು ಇಂಚು ಕೆಳಗೆ ಇಳಿಯುತ್ತದೆ ಅನ್ನುವುದು ಪ್ರಶ್ನೆ.

ಅಷ್ಟು ಸಲ ಆ ಪಾಠ ಹೇಳಿದ್ದೆ, ಒಬ್ಬರೂ ನನ್ನ ಹತ್ತಿರ ನಿಜವಾದ ಲೆಕ್ಕ ತಂದಿರಲಿಲ್ಲ. ಸಂಜೆಯೇ ಅವರ ಮನೆಗೆ ಹೋದೆ. ಹಗ್ಗ ಹಿಡಿದು ಅಳೆದೆವು. ಲೆಕ್ಕ ಹಾಕಿದೆ. ಇಂಜಿನ್ನಿಗೆ ಒಂದೂವರೆ ಇಂಚು, ಡೀಸೆಲ್ಲು, ನೀರು, ಸಾಮಾನು, ಇಬ್ಬರು ಮನುಷ್ಯರಿಗೆ ಇನ್ನೊಂದಿಷ್ಟು. ದೋಣಿಯ ಪಕ್ಕೆಯ ಮೇಲೆ ಸುಣ್ಣದ ಬಳಪದಲ್ಲಿ ಗೆರೆ ಎಳೆದು, ಬರೀ ಇಂಜಿನ್ ಕೂರಿಸಿದರೆ ನೀರು ಇಲ್ಲಿಗೆ ಬರುತ್ತದೆ ಅಂದೆ. ಅವರು ಆ ಗೆರೆಯ ಮೇಲೆಯೇ ಕೆಂಪು ಪೇಂಟಿನಲ್ಲಿ ಪಟ್ಟೆ ಹೊಡೆದರು. ಬಂದವರಿಗೆಲ್ಲ 'ಇದು ಮೇಷ್ಟ್ರ ಗೆರೆ' ಅಂತ ತೋರಿಸುತ್ತಿದ್ದರು. ಅಂದಿನಿಂದ ನಾನು ಆ ಮನೆಯವನಾಗಿಬಿಟ್ಟೆ. ವಾರಕ್ಕೆ ಎರಡು ಮೂರು ಸಂಜೆ ಅಲ್ಲೇ ಕಾಫಿ.

ದೋಣಿ ಬಂದದ್ದು ಚಿಕ್ಕಮಗಳೂರು ಮೇಲಿನ ಕಾಫಿ ತೋಟದ ಸಾಹುಕಾರರೊಬ್ಬರಿಂದ. ಅವರು ಅದನ್ನು ಮಂಗಳೂರಿನಲ್ಲಿ ಇಟ್ಟುಕೊಂಡು, ರಜೆಗೆ ಇಳಿದು ಹೋಗಿ ಸಮುದ್ರದಲ್ಲಿ ಗಾಳ ಹಾಕಿ ಕೂರುತ್ತಿದ್ದರಂತೆ. ಹೊಟ್ಟೆಪಾಡಿಗಲ್ಲ, ಮೋಜಿಗೆ. ದೊಡ್ಡ ಮೀನಿನ ಜೊತೆ ಜಗ್ಗಾಡಲು ಅಂತಲೇ ಹಿಂಭಾಗದಲ್ಲಿ ಸುತ್ತ ತಿರುಗುವ ಒಂದು ಕುರ್ಚಿ, ಗಾಳದ ಕೋಲು ಸಿಕ್ಕಿಸಲು ಹಿತ್ತಾಳೆಯ ಕೊಳವೆಗಳು. ಸಾಹುಕಾರರಿಗೆ ವಯಸ್ಸಾಗಿ ದೋಣಿ ದಡಕ್ಕೆ ಬಿದ್ದು, ಅದರ ಪೆಟ್ರೋಲ್ ಇಂಜಿನ್ ಉಪ್ಪು ಹಿಡಿದು ಉದುರತೊಡಗಿತ್ತು. ತೋಟದ ಪಂಪು ರಿಪೇರಿಗೆ ಹೋಗಿದ್ದ ಇವರ ಕಿವಿಗೆ ಸುದ್ದಿ ಬಿತ್ತು. ಮಂಗಳೂರು ಹೆಂಚು ತರುವ ಲಾರಿಯವನನ್ನು ಹಿಡಿದು, ಹೆಂಚಿನ ಬದಲು ದೋಣಿಯನ್ನೇ ಹೇರಿಸಿಕೊಂಡು ಚಾರ್ಮಾಡಿ ಘಾಟಿ ಹತ್ತಿಸಿ ತಂದರು.

ಲಾರಿ ಬಂದು ನಿಂತಾಗ ಅವರ ಹೆಂಡತಿ ಬಾಗಿಲಿಗೆ ಅಡ್ಡ ನಿಂತರಂತೆ. ಅಂತರಘಟ್ಟೆ ಕಡೆಯ ಹೆಣ್ಣುಮಗಳು, ನಾನು ಅಕ್ಕ ಅನ್ನುತ್ತಿದ್ದೆ. ಲಿಂಗವಂತರ ಮನೆಗೆ ಮೀನಿನ ದೋಣಿಯೇ? ಇದರಲ್ಲಿ ಎಷ್ಟು ಜೀವ ಹೋಗಿದೆಯೋ ಅಂತ ಹಟ ಹಿಡಿದರು. ಕೊನೆಗೆ ರಾಜಿಯಾಯಿತು. ದೋಣಿಗೆ ಗಂಜಲ ಚಿಮುಕಿಸಿ, ಮೂರು ಸಲ ತೊಳೆದು, ಮುಂದಿನ ಮೂತಿಗೆ ವಿಭೂತಿ ಬಳಿದು ಒಳಗೆ ಬಿಟ್ಟುಕೊಂಡರು. ಆಮೇಲೆ ನೋಡಬೇಕು, ಒಂದು ತಿಂಗಳಲ್ಲಿ ಅದು ಅಕ್ಕನ ದೋಣಿಯೇ ಆಗಿಹೋಯಿತು. ಮೇಲೆ ಸಂಡಿಗೆ ಒಣಹಾಕುತ್ತಿದ್ದರು. ಆ ತಿರುಗುವ ಕುರ್ಚಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಾ, ಕಾಗೆ ಯಾವ ಕಡೆಯಿಂದ ಬಂದರೆ ಆ ಕಡೆಗೆ ತಿರುಗಿ ಓಡಿಸುತ್ತಿದ್ದರು.

ಇಷ್ಟೆಲ್ಲ ಯಾಕೆ ಬೇಕಿತ್ತು ಅಂತ ನಾನೂ ಕೇಳಿದ್ದೆ. ಅವರು ಬೇಗ ಹೇಳಲಿಲ್ಲ. ಹೇಳಿದ ದಿನ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ಹತ್ತಿಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡು ಹೇಳಿದರು. ವಯಸ್ಸಿನಲ್ಲಿ ಎರಡು ವರ್ಷ ಮಂಗಳೂರಿನ ಹಳೇ ಬಂದರಿನ ಹತ್ತಿರ ಇಂಜಿನ್ ಕೆಲಸ ಕಲಿಯಲು ಇದ್ದರಂತೆ. ಬಡಗಣ ಊರುಗಳಿಗೆ ಸರಕು ಒಯ್ಯುವ ಹಡಗುಗಳ ಇಂಜಿನ್ ರಿಪೇರಿ. ರಿಪೇರಿ ಆದ ಮೇಲೆ ಇಂಜಿನ್ ಸರಿಯಾಗಿ ಓಡುತ್ತದೋ ಇಲ್ಲವೋ ನೋಡಲು ಇವರನ್ನು ಹತ್ತಿಸಿಕೊಂಡು ಹೊರಡುತ್ತಿದ್ದರು. ಹೊಳೆಯಲ್ಲಿ ಹೋಗಿ ಹೋಗಿ, ಹೊಳೆ ಸಮುದ್ರಕ್ಕೆ ಸೇರುವ ಅಳಿವೆಯ ತನಕ. ಅಲ್ಲಿ ಸಣ್ಣ ದೋಣಿಗೆ ಇವರನ್ನು ಇಳಿಸಿ ಹಡಗು ಮುಂದಕ್ಕೆ ಹೋಗುತ್ತಿತ್ತು. ಎರಡು ವರ್ಷದಲ್ಲಿ ಎಷ್ಟು ಸಲವೋ. ಒಂದು ಸಲವೂ ಅಳಿವೆ ದಾಟಲಿಲ್ಲ. ಆಮೇಲೆ ತಂದೆ ತೀರಿಕೊಂಡು, ಅಂಗಡಿ ನೋಡಿಕೊಳ್ಳುವವರಿಲ್ಲದೆ ಕಡೂರಿಗೆ ಬಂದುಬಿಟ್ಟರು.

"ನಾನು ಸರಿ ಮಾಡಿದ್ ಇಂಜಿನ್ನೇ ಮೇಷ್ಟ್ರೇ. ಅದರ ಸದ್ದು ದೂರಾಗ್ತಾ ಆಗ್ತಾ ಕೇಳ್ತಿತ್ತು. ನಾನು ಮಾತ್ರ ವಾಪಸ್ ಬತ್ತಿದ್ದೆ" ಅಂದರು.

ಅವರ ಆಸೆ ಇಷ್ಟೇ. ಮಂಗಳೂರಿನ ಅಳಿವೆ ದಾಟಿ, ದಡ ಕಾಣುವಷ್ಟು ದೂರದಲ್ಲೇ ಬಡಗಲಾಗಿ ಹೋಗುವುದು. ಒಂದೊಂದು ರಾತ್ರಿ ಒಂದೊಂದು ಹೊಳೆಯ ಬಾಯಲ್ಲಿ ಲಂಗರು. ಕಾರವಾರದ ತನಕ ಹೋಗಿ ಬರುವುದು. ಹತ್ತು ದಿನ. ನಾನು ಶಾಲೆಯ ಹಳೇ ನಕ್ಷೆ ತಂದುಕೊಟ್ಟೆ. ಅದನ್ನು ಅಂಗಡಿಯ ಗೋಡೆಗೆ ಅಂಟಿಸಿ, ಹೊಳೆಗಳ ಬಾಯಿಗೆಲ್ಲ ಕೆಂಪು ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟರು. ಪಿಸ್ಟನ್ ಉಜ್ಜುತ್ತಾ ಉಜ್ಜುತ್ತಾ ಮಧ್ಯೆ ತಲೆ ಎತ್ತಿ ಆ ಚುಕ್ಕೆಗಳನ್ನು ನೋಡುತ್ತಿದ್ದರು. ಆ ನೋಟ ಇದೆಯಲ್ಲ, ನನಗೆ ಈಗಲೂ ಮರೆಯಲು ಆಗುವುದಿಲ್ಲ. ಮನೆಯಲ್ಲಿ ಎಲ್ಲ ಇದ್ದು, ಹೆಂಡತಿ ಮಕ್ಕಳು ಚೆನ್ನಾಗಿದ್ದು, ಕೈತುಂಬ ಕೆಲಸವಿದ್ದು, ಆದರೂ ಮನುಷ್ಯನಿಗೆ ಇನ್ನೊಂದು ಏನೋ ಬೇಕಿರುತ್ತದೆ ಅನ್ನುವುದನ್ನು ನಾನು ಅವರ ಮುಖದಲ್ಲಿ ನೋಡಿ ಕಲಿತೆ.

ಇಂಜಿನ್ ಬದಲಾಯಿಸುವುದಕ್ಕೇ ಎರಡು ವರ್ಷ ಹಿಡಿಯಿತು. ಅಂಗಡಿ ಕೆಲಸ ಮುಗಿಸಿ ಸಂಜೆ ಎರಡು ಗಂಟೆ ಮಾತ್ರ ದೋಣಿಗೆ. ಎರಡು ಸಿಲಿಂಡರಿನ ಡೀಸೆಲ್ ಇಂಜಿನ್ನೊಂದನ್ನು ತಂದು ಪೂರಾ ಬಿಚ್ಚಿ ಹೊಸದು ಮಾಡಿದರು. ತೋಟದ ಪಂಪು ಒಂದೇ ಕಡೆ ತಿರುಗಿದರೆ ಸಾಕು, ದೋಣಿ ಹಿಂದಕ್ಕೂ ಬರಬೇಕಲ್ಲ. ಅದಕ್ಕೆ ಗುಜರಿಯ ಜೀಪಿನಿಂದ ಗೇರ್‌ಬಾಕ್ಸ್ ಬಂತು. ಉಪ್ಪು ನೀರು ಇಂಜಿನ್ನಿನ ಒಳಗೆ ಹೋಗಲೇಬಾರದು ಅಂತ ದೋಣಿಯ ಅಡಿಯಲ್ಲಿ ತಾಮ್ರದ ಪೈಪು ಓಡಿಸಿ, ಅದರೊಳಗೆ ಸಿಹಿನೀರು ಸುತ್ತಿ ತಣ್ಣಗಾಗಿ ಬರುವ ಹಾಗೆ ಮಾಡಿದರು. ಇಂಜಿನ್ನಿಗೂ ನೀರು ತಳ್ಳುವ ಫ್ಯಾನಿನ ಶಾಫ್ಟಿಗೂ ಕೂದಲೆಳೆಯಷ್ಟು ಓರೆ ಇರಬಾರದು. ಅದನ್ನು ಸರಿ ಮಾಡಲು ಒಂದು ಇಡೀ ಬೇಸಿಗೆ ಹೋಯಿತು. ನಾನು ಲೈಟು ಹಿಡಿದುಕೊಂಡು ಕೂರುತ್ತಿದ್ದೆ. ಸಾಕಲ್ಲ ಯಜಮಾನ್ರೇ, ಇಷ್ಟು ಓರೆಗೆ ಏನಾಗುತ್ತದೆ ಅಂದರೆ, ಕಡೂರಿನಲ್ಲಿ ಏನೂ ಆಗಲ್ಲ, ಸಮುದ್ರದ ಮಧ್ಯೆ ಆಗುತ್ತೆ ಅನ್ನುತ್ತಿದ್ದರು.

ಇಂಜಿನ್ ಬಗ್ಗೆ ಅಷ್ಟು ಹುಷಾರಾಗಿದ್ದ ಮನುಷ್ಯ ದೋಣಿಯ ಮರದ ಬಗ್ಗೆ ಎಂಥ ತಪ್ಪು ಮಾಡಿದರು ಅಂದರೆ, ಈಗ ನೆನೆದರೂ ನಗು ಬರುತ್ತದೆ. ಮಳೆಯ ಒಂದು ಹನಿ ಬೀಳದ ಹಾಗೆ ಚಪ್ಪರ ಹಾಕಿದ್ದರು. ಅಕ್ಕ ಹಿತ್ತಲಲ್ಲಿ ನೀರು ಚೆಲ್ಲಿದರೂ ದೋಣಿಗೆ ತಾಗುತ್ತದೆ ಅಂತ ಗದರುತ್ತಿದ್ದರು. ಗಾಡಿಗೋ ಬಾಗಿಲಿಗೋ ಮರವನ್ನು ಹೇಗೆ ಕಾಪಾಡುತ್ತೇವೋ ಹಾಗೆ. ಎರಡು ವರ್ಷ ಕಡೂರಿನ ಒಣ ಗಾಳಿ ಬಡಿದು ಹಲಗೆಗಳೆಲ್ಲ ಕುಗ್ಗಿದ್ದವು. ಕೊನೆಗೆ ಪರೀಕ್ಷೆ ಮಾಡಿ ನೋಡೋಣ ಅಂತ ಲಾರಿಯಲ್ಲಿ ಸಖರಾಯಪಟ್ಟಣ ದಾಟಿಸಿ ಅಯ್ಯನಕೆರೆಗೆ ಒಯ್ದು ಇಳಿಸಿದರೆ, ಸಂದುಸಂದಿನಿಂದಲೂ ನೀರು. ಜರಡಿಯನ್ನು ಕೆರೆಗೆ ಬಿಟ್ಟ ಹಾಗಾಯಿತು. ಏರಿಯ ಮೇಲೆ ನೆರೆದಿದ್ದ ಜನರಲ್ಲಿ ಮೊದಲು ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು. ಯಜಮಾನರು ಸೊಂಟದ ಮಟ್ಟ ನೀರಿನಲ್ಲಿ ನಿಂತು ಇಂಜಿನ್ ನೆನೆಯದ ಹಾಗೆ ದೋಣಿಯನ್ನು ದಡಕ್ಕೆ ತಳ್ಳುತ್ತಿದ್ದರು. ಮುಖ ನೋಡಲು ಆಗಲಿಲ್ಲ.

ಆಗ ಏರಿಯ ಮೇಲಿಂದ ಒಬ್ಬ ಮುದುಕ ಕೋಲೂರಿಕೊಂಡು ಇಳಿದು ಬಂದ. ಗಾಡಿ ಹೊಡೆದು ಮುದುಕನಾದವನು. ದೋಣಿಯ ಹಲಗೆಯ ಸಂದಿಗೆ ಉಗುರು ಹಾಕಿ ನೋಡಿದ.

"ಬ್ಯಾಸಿಗೇಲಿ ಗಾಡಿ ಚಕ್ರ ಒಣಗಿ ಕಬ್ಬಿಣದ ಪಟ್ಟಾ ಸಡ್ಲ ಆದ್ರೆ ಏನ್ ಮಾಡ್ತೀಯಪ್ಪಾ? ಕೆರೇಲಿ ಮುಳುಗಿಸಿ ಇಡಲ್ವಾ? ಇದೂ ಮರಾನೇ ಅಲ್ವಾ" ಅಂದ.

ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅವರ ಮನೆಯಲ್ಲೇ ಗಾಡಿ ಇತ್ತು. ನಮ್ಮ ಊರಿನಲ್ಲಿ ಪ್ರತಿ ಬೇಸಿಗೆಯೂ ಚಕ್ರ ನೆನೆಹಾಕುವುದನ್ನು ನೋಡಿಕೊಂಡೇ ನಾನು ಬೆಳೆದವನು. ಒಬ್ಬ ಇಂಜಿನ್ ಪಂಡಿತ, ಒಬ್ಬ ವಿಜ್ಞಾನದ ಮೇಷ್ಟ್ರು, ಇಬ್ಬರಿಗೂ ಹೊಳೆದಿರಲಿಲ್ಲ. ಇಂಜಿನ್ ಬಿಚ್ಚಿ ಇಳಿಸಿ, ದೋಣಿಯೊಳಗೆ ಕಲ್ಲು ಹೇರಿ, ಅಂಚಿನ ಆಳವಿಲ್ಲದ ನೀರಿನಲ್ಲಿ ಮುಳುಗಿಸಿ ಇಟ್ಟೆವು. ದೋಣಿ ಮುಳುಗಿಸಲು ಎರಡು ವರ್ಷ ಕೆಲಸ ಮಾಡಿದರು ಅಂತ ಸಖರಾಯಪಟ್ಟಣದ ಸಂತೆಯಲ್ಲೆಲ್ಲ ನಗೆ. ಅವರು ಅದಕ್ಕೂ ತಾವೇ ಮೊದಲು ನಗುತ್ತಿದ್ದರು. ಮೂರು ವಾರ ಬಿಟ್ಟು ಎತ್ತಿದಾಗ ಮರ ಉಬ್ಬಿ ಸಂದುಗಳೆಲ್ಲ ಕೂಡಿಕೊಂಡಿದ್ದವು. ಒಳಗೆ ಒಂದು ಚಂಬು ನೀರೂ ಬರಲಿಲ್ಲ.

ಇಂಜಿನ್ ಮತ್ತೆ ಕೂರಿಸಿ ನೀರಿಗೆ ಬಿಟ್ಟ ದಿನ ಕಾರ್ತಿಕದ ಒಂದು ಭಾನುವಾರ. ನೀರು ಸರಿಯಾಗಿ ಆ ಕೆಂಪು ಪಟ್ಟೆಗೇ ಬಂದು ನಿಂತಿತು. ಅವರು ಬಗ್ಗಿ ನೋಡಿ, ನನ್ನ ಕಡೆ ತಿರುಗಿ ಕೈ ಮುಗಿದರು. ಲೆಕ್ಕದ ಮೇಷ್ಟ್ರಿಗೆ ಅಂಥ ಮರ್ಯಾದೆ ಜೀವಮಾನದಲ್ಲಿ ಮತ್ತೆ ಸಿಗಲಿಲ್ಲ. ನನ್ನನ್ನು ಹತ್ತಿಸಿ ಚುಕ್ಕಾಣಿ ಕೈಗೆ ಕೊಟ್ಟರು, ತಾವು ಇಂಜಿನ್ನಿನ ಹತ್ತಿರ ಕೂತರು. ಎದುರಿನ ಗುಡ್ಡದ ಮೇಲೆ ಕಣ್ಣಿಡಿ, ಅಲುಗಾಡಿಸಬೇಡಿ, ಅಷ್ಟೇ ಅಂದರು. ದೋಣಿ ಹೊರಟಿತು. ಏರಿಯ ಮೇಲಿನ ಜನ ಕೂಗಿದರು. ನನಗೂ ಎದೆ ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಕೆರೆಯ ನಡುವೆ ಬಂದಾಗ ನಾನೊಂದು ಸಲ ಬಗ್ಗಿ ನೀರು ನೋಡಿದೆ. ಕಪ್ಪಗಿತ್ತು. ಅಡಿ ಕಾಣಲಿಲ್ಲ. ತಟ್ಟನೆ ಕಣ್ಣು ತೆಗೆದು ಗುಡ್ಡದ ಮೇಲೆ ನೆಟ್ಟೆ. ಅಜ್ಜಂಪುರದ ಬಯಲಿನಲ್ಲಿ ಹುಟ್ಟಿದವನು, ಈಜು ಬಾರದು, ಮೊಣಕಾಲಿಗಿಂತ ಹೆಚ್ಚು ನೀರಿಗೆ ಇಳಿದವನಲ್ಲ. ವಸ್ತು ನೀರಿನಲ್ಲಿ ಯಾಕೆ ತೇಲುತ್ತದೆ ಅಂತ ನೂರಾರು ಮಕ್ಕಳಿಗೆ ಹೇಳಿಕೊಟ್ಟ ನಾನು ಅಲ್ಲಿ ಕೂತು, ನನ್ನ ಲೆಕ್ಕ ತಪ್ಪಿರಬಹುದು, ಈಗ ಮುಳುಗುತ್ತದೆ ಅಂತ ನಡುಗುತ್ತಿದ್ದೆ. ಚುಕ್ಕಾಣಿ ಬಿಡದೆ ಹಿಡಿದುಕೊಂಡಿದ್ದೆ. ದಡಕ್ಕೆ ಬಂದ ಮೇಲೆ ಬೆರಳು ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಅವರು ಇಂಜಿನ್ನಿನ ಮೇಲೆ ಸ್ಕ್ರೂಡ್ರೈವರ್ ಇಟ್ಟು ಕಣ್ಣು ಮುಚ್ಚಿ ಕೂತಿದ್ದರಿಂದ ನನ್ನನ್ನು ನೋಡಿರಲಾರರು ಅಂದುಕೊಂಡೆ.

ಸಂಕ್ರಾಂತಿ ಕಳೆದ ವಾರ ಮಂಗಳೂರಿಗೆ ಹೊರಡುವುದೆಂದು ನಿಶ್ಚಯವಾಯಿತು. ಆಗ ಸಮುದ್ರ ಸಮಾಧಾನವಾಗಿರುತ್ತದಂತೆ. ಬಂದರಿನ ಅವರ ಹಳೇ ಗೆಳೆಯರು ಹೇಳಿಕಳಿಸಿದ್ದರು: ಒಬ್ಬನೇ ಬರಬೇಡ, ಇಂಜಿನ್ ಹತ್ತಿರ ಒಬ್ಬ, ಚುಕ್ಕಾಣಿಗೆ ಒಬ್ಬ, ಇಬ್ಬರು ಇರಲೇಬೇಕು. ಆ ಎರಡನೆಯವನು ನಾನು ಅಂತ ಅವರು ಕೇಳಲೂ ಇಲ್ಲ, ಗೊತ್ತೇ ಇದ್ದ ಮಾತು. ನನಗೊಂದು ಹೊದಿಕೆ, ಒಂದು ತಟ್ಟೆ, ಒಂದು ಲೋಟ ದೋಣಿಯ ಸಾಮಾನಿನ ಪಟ್ಟಿಯಲ್ಲಿ ಸೇರಿತ್ತು. ಅಕ್ಕ ಹತ್ತು ದಿನಕ್ಕೆ ಆಗುವಷ್ಟು ರೊಟ್ಟಿ, ಚಟ್ನಿಪುಡಿ ಮಾಡಲು ಹವಣಿಸುತ್ತಿದ್ದರು. ನನಗೆ ನಿದ್ದೆ ಬರುತ್ತಿರಲಿಲ್ಲ. ಕೆರೆಯ ನಡುವೆಯೇ ಹಾಗಾದವನು ಸಮುದ್ರದ ಮಧ್ಯೆ ಏನಾಗುತ್ತೇನೆ? ಯಜಮಾನ್ರೇ, ನನಗೆ ನೀರು ಅಂದರೆ ಭಯ ಅಂದಿದ್ದರೆ ಮುಗಿದುಹೋಗುತ್ತಿತ್ತು. ಒಂದೇ ಒಂದು ಮಾತು. ಆದರೆ ಕೈ ಮುಗಿದವರ ಮುಂದೆ ಆ ಮಾತು ಹೇಗೆ ಹೇಳುವುದು? 

ಹೊರಡಲು ಐದು ದಿನ ಇರುವಾಗ ಹೋಗಿ, ಹೆಡ್‌ಮಾಸ್ಟರು ರಜ ಕೊಡಲಿಲ್ಲ, ಪರೀಕ್ಷೆ ಹತ್ತಿರ ಬಂತು ಅಂದರು ಅಂತ ಹೇಳಿದೆ. ರಜ ನಾನು ಕೇಳಿಯೇ ಇರಲಿಲ್ಲ.

ಅವರು ಗೋಡೆಯ ನಕ್ಷೆ ನೋಡಿದರು. ಆಮೇಲೆ ಪರವಾಗಿಲ್ಲ ಮೇಷ್ಟ್ರೇ, ಮಕ್ಕಳ ಪರೀಕ್ಷೆ ಮುಖ್ಯ, ಸಮುದ್ರ ಎಲ್ಲಿಗೂ ಹೋಗಲ್ಲ ಅಂದರು. ಅಕ್ಕನನ್ನು ಕೂಗಿ ಕಾಫಿ ಹೇಳಿದರು. ಎರಡು ದಿನ ಬಿಟ್ಟು ಹೋದಾಗಲೂ ಹಾಗೇ ಇದ್ದರು. ನಾನು ಬದುಕಿದೆ ಅಂದುಕೊಂಡೆ.

ಮರುವರ್ಷ ಧನುರ್ಮಾಸ ಹಿಡಿದ ಕೂಡಲೇ ನನಗೆ ಮತ್ತೆ ದಿಗಿಲು ಶುರುವಾಯಿತು. ಈ ಸಲ ಏನು ನೆವ ಹೇಳುವುದು? ನಾನು ಬಾಯಿ ಬಿಡುವ ಮೊದಲೇ ಅವರು, ಈ ವರ್ಷ ಆಗಲ್ಲ ಮೇಷ್ಟ್ರೇ, ಗೇರ್‌ಬಾಕ್ಸಿನಲ್ಲಿ ಏನೋ ಸದ್ದು ಬರ್ತಿದೆ, ನಂಬಿಕೊಂಡು ಹೋಗೋ ಹಾಗಿಲ್ಲ ಅಂದರು. ಅಯ್ಯೋ ಪಾಪ ಅಂದೆ. ಒಳಗೊಳಗೆ ಹಾಲು ಕುಡಿದಷ್ಟು ಸಂತೋಷ. ಅದರ ಮುಂದಿನ ವರ್ಷ ಶಾಫ್ಟ್ ಬಗ್ಗಿತ್ತು. ಆಮೇಲಿನ ವರ್ಷ ತಾಮ್ರದ ಪೈಪು ತೂತಾಗಿತ್ತು. ಆ ದೋಣಿಯ ಇಂಜಿನ್ನಿಗೆ ಸಂಕ್ರಾಂತಿ ಹತ್ತಿರ ಬಂದಾಗಲೇ ಏನಾದರೊಂದು ಆಗುತ್ತಿತ್ತು. ಇಡೀ ತಾಲ್ಲೂಕಿನ ಇಂಜಿನ್ನುಗಳನ್ನು ಸರಿ ಮಾಡುವವರಿಗೆ ತಮ್ಮದೊಂದು ಸರಿ ಮಾಡಿಕೊಳ್ಳಲು ಆಗಲಿಲ್ಲವಲ್ಲ ಅಂತ ನಾನೇ ಒಂದೆರಡು ಸಲ ತಮಾಷೆ ಮಾಡಿದ್ದೇನೆ. ನಕ್ಕಿದ್ದರು.

ದೋಣಿ ಅಯ್ಯನಕೆರೆಯಲ್ಲೇ ಉಳಿಯಿತು. ಬೇಸಿಗೆಯಲ್ಲಿ ಅಂಚಿನಲ್ಲಿ ಮುಳುಗಿಸಿ ಇಡುವುದು, ಸಂಕ್ರಾಂತಿಗೆ ಎತ್ತಿ ಇಂಜಿನ್ ಕೂರಿಸಿ ಒಂದು ಸುತ್ತು ಹೋಗಿ ಬರುವುದು. ಕೆರೆಯ ಒಂದು ಸುತ್ತಿಗೆ ಈ ಇಂಜಿನ್ ಸಾಕು, ಸಮುದ್ರಕ್ಕೆ ಸಾಲದು ಅನ್ನುತ್ತಿದ್ದರು. ನನ್ನನ್ನು ಆ ಸುತ್ತಿಗೂ ಮತ್ತೆ ಕರೆಯಲಿಲ್ಲ. ನಿಮಗೆ ಶಾಲೆ ಕೆಲಸ ಇರುತ್ತೆ ಅನ್ನುತ್ತಿದ್ದರು. ನನಗೆ ಮದುವೆಯಾಯಿತು, ಆಮೇಲೆ ತರೀಕೆರೆಗೆ ವರ್ಗವಾಯಿತು. ಆದರೂ ಕಡೂರಿಗೆ ಬಂದಾಗಲೆಲ್ಲ ಆ ಮನೆಯ ಕಾಫಿ ಕುಡಿಯದೆ ರೈಲು ಹತ್ತಿದವನಲ್ಲ. ಕೊನೆಕೊನೆಗೆ ಅವರು ಸಮುದ್ರದ ಮಾತು ಎತ್ತುತ್ತಿರಲಿಲ್ಲ. ನಕ್ಷೆ ಮಾತ್ರ ಗೋಡೆಯ ಮೇಲಿತ್ತು. ನಾವಿಬ್ಬರೂ ಕಾಫಿ ಕುಡಿಯುತ್ತಾ ಕೂತಿರುವಾಗ ಅವರ ಕಣ್ಣು ಅಲ್ಲಿಗೆ ಹೋಗುತ್ತಿತ್ತು. ಆಗ ನಾನು ಏನಾದರೂ ಬೇರೆ ಮಾತು ತೆಗೆಯುತ್ತಿದ್ದೆ.

ಒಂದು ವಾರದ ಜ್ವರದಲ್ಲಿ ಹೋಗಿಬಿಟ್ಟರು. ಎಂಬತ್ತರ ದಶಕದ ಕೊನೆಗಾಲ, ನಾನು ರಜದ ನೆವ ಹೇಳಿ ಏಳು ವರ್ಷವಾಗಿತ್ತು. ತರೀಕೆರೆಗೆ ಸುದ್ದಿ ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಶಿವಗಣಾರಾಧನೆಯ ದಿನ ಹೋದೆ. ಊಟವಾಗಿ ಬಂದವರೆಲ್ಲ ಎದ್ದು ಹೋದ ಮೇಲೆ ಅಕ್ಕ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಬಂದು ಕೂತರು. ದೋಣಿ ಇದ್ದ ಜಾಗದಲ್ಲಿ ಸೌದೆ ಒಟ್ಟಿತ್ತು. ಏನಾದರೂ ಹೇಳಬೇಕಲ್ಲ ಅಂತ, ಯಜಮಾನರಿಗೆ ಅದೊಂದು ಆಸೆ ಹಾಗೇ ಉಳಿದುಹೋಯಿತು, ಆ ಇಂಜಿನ್ ಕೈಕೊಡದೆ ಇದ್ದಿದ್ದರೆ ಹೋಗಿ ಬಂದಿರುತ್ತಿದ್ದರು ಅಂದೆ.

ಅಕ್ಕ ನನ್ನ ಕಡೆ ತಿರುಗಿದರು. "ಇಂಜಿನ್ನಿಗೆ ಏನಾಗಿತ್ತು ಮೇಷ್ಟ್ರೇ?" ಅಂದರು.

ಗೇರ್‌ಬಾಕ್ಸು, ಶಾಫ್ಟು ಅಂತ ತೊದಲಿದೆ. ಅವರು ತಲೆ ಅಲ್ಲಾಡಿಸಿದರು. ಕೋಪವಿರಲಿಲ್ಲ. ಅತ್ತು ಅತ್ತು ದನಿ ಇಳಿದಿತ್ತು, ನಿಧಾನವಾಗಿ ಹೇಳಿದರು. ನಾನು ರಜ ಸಿಗಲಿಲ್ಲ ಅಂದ ಮರುದಿನವೇ ಇವರು ಬಿಳಿ ಪಂಚೆ ಉಟ್ಟು, ಒಂದು ಗೊನೆ ಬಾಳೆಹಣ್ಣು ಹಿಡಿದುಕೊಂಡು ಹೆಡ್‌ಮಾಸ್ಟರ ಮನೆಗೆ ಹೋಗಿದ್ದರಂತೆ. ನಮ್ಮ ಮೇಷ್ಟ್ರಿಗೆ ಹತ್ತು ದಿನ ರಜ ಕೊಡಿ ಅಂತ ಕೇಳಿಕೊಳ್ಳಲು. ಹೆಡ್‌ಮಾಸ್ಟರು ಆಶ್ಚರ್ಯಪಟ್ಟು, ಮೇಷ್ಟ್ರು ರಜ ಕೇಳಿಯೇ ಇಲ್ಲವಲ್ಲ, ಕೇಳಿದರೆ ಇವತ್ತೇ ಕೊಡುತ್ತೇನೆ ಅಂದರಂತೆ. ನಾನು ಬಂದಿದ್ದು ಮೇಷ್ಟ್ರಿಗೆ ಹೇಳಬೇಡಿ ಸ್ವಾಮಿ ಅಂತ ಇವರು ಕೈ ಮುಗಿದು ಬಂದುಬಿಟ್ಟರಂತೆ. ಹೆಡ್‌ಮಾಸ್ಟರು ಆ ಮಾತು ಉಳಿಸಿಕೊಂಡಿದ್ದರು.

"ಮನೆಗ್ ಬಂದು ನನ್ ತಾವ ಅಂದ್ರು, ಮೇಷ್ಟ್ರಿಗೆ ನೀರು ಕಂಡ್ರೆ ಭಯ ಕಣೇ, ಕೆರೇಲೇ ನೋಡ್ದೆ, ಕೈ ನಡುಗ್ತಿತ್ತು, ಪಾಪ ಹೇಳ್ಕಳಕ್ಕೆ ಆಗ್ತಿಲ್ಲ ಅಂತ. ಆ ಇಂಜಿನ್ನು ಒಂದು ದಿನಾನೂ ಕೆಟ್ಟಿಲ್ಲ ಮೇಷ್ಟ್ರೇ."

 ಕಡೂರಿನಲ್ಲಿ ಮನುಷ್ಯರಿಗೆ ಬರವೇ, ಚುಕ್ಕಾಣಿ ಹಿಡಿಯಲು ಬೇರೆ ಯಾರನ್ನಾದರೂ ಕರೆದುಕೊಂಡು ಹೋಗಬಹುದಿತ್ತಲ್ಲಕ್ಕ ಅಂದೆ. ತಪ್ಪು ನನ್ನದಾದರೂ, ಅದು ಒಂದಿಷ್ಟಾದರೂ ನನ್ನ ಮೇಲಿಂದ ಇಳಿಯಲಿ ಅಂತ ಅಂದ ಮಾತು.

"ಬ್ಯಾರೆಯೋರು ಯಾಕೆ? ನಾನೇ ಬತ್ತೀನಿ ಅಂದೆ. ಒಂದೊಂದ್ ಸಂಕ್ರಾಂತೀಲೂ ಆ ಕೆರೇಲಿ ಚುಕ್ಕಾಣಿ ಹಿಡ್ದೋಳು ನಾನೇ ಕಣ್ರೀ. ನಂಗೇನು ಭಯ ಇರಲಿಲ್ಲ. ಮನೆಗೆ ಬೀಗ ಹಾಕಿ ಹೋಗಣ ನಡೀರಿ ಅಂತ ಎಷ್ಟ್ ಸಲ ಅಂದೆ." ಸೆರಗಿನಿಂದ ಮೂಗು ಒರೆಸಿಕೊಂಡರು. "ಕೇಳ್ಲಿಲ್ಲ. ಅವರ್ನ ಬಿಟ್ಟು ನಾವಿಬ್ರೇ ಹೋಗ್ಬುಟ್ರೆ, ಅವರ ಭಯ ನನಗೆ ಗೊತ್ತು ಅಂತ ಮೇಷ್ಟ್ರಿಗೆ ಗೊತ್ತಾಯ್ತದೆ. ಆಮೇಲೆ ಅವರು ನಾಚ್ಕೊಂಡು ನಮ್ಮನೆಗ್ ಬರಾದು ಬಿಟ್ಬುಡ್ತಾರೆ ಅಂದ್ರು."

ನಾನು ಬಿಟ್ಟಿರಲಿಲ್ಲ. ಆ ಏಳು ವರ್ಷವೂ ಹೋಗುತ್ತಲೇ ಇದ್ದೆ.